ಕೈ ನಡುಕ ನಿಂತ ಮೇಲೆ

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗ ಬುಡಕಟ್ಟಿನ ಹಾಡಿಗಳಲ್ಲಿ, ಆರೋಗ್ಯ ಕಾರ್ಯಕರ್ತನಾಗಿ ಸುತ್ತುವ ನಾನೂ ಸೋಲಿಗನೇ. ಕುಡಿತ ಬಿಡಿಸುವ ಕೆಲಸವನ್ನು ನಾನು ಕಲಿತದ್ದು ನನ್ನ ಸೋದರಮಾವನ ಮೇಲೆ, ಅದೂ ತಪ್ಪು ಮಾಡಿ.

ಬೆಟ್ಟದ ದೇವರು ರಂಗಪ್ಪನ ಮೇಲೆ ಆಣೆ ಹಾಕಿಸಿ ಒಂದೇ ದಿನಕ್ಕೆ ಕುಡಿತ ನಿಲ್ಲಿಸಿದೆ. ಮೂರನೆಯ ರಾತ್ರಿ ಮಾವ ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತ ಕೂತಿದ್ದ, ಮೈಯೆಲ್ಲ ಬೆವರು. ಅತ್ತೆ ದೆವ್ವವೆಂದು ಅಳತೊಡಗಿದಳು. ಸಿಕ್ಕ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ವರ್ಷಗಟ್ಟಲೆ ದಿನವೂ ಕುಡಿದವನು ಏಕಾಏಕಿ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಬರಬಹುದು, ಜೀವವೂ ಹೋಗಬಹುದು. ವೈದ್ಯರು ಥಯಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಕೊಟ್ಟರು, ದಿನದಿಂದ ದಿನಕ್ಕೆ ಪ್ರಮಾಣ ಇಳಿಸುವ ಮಾತ್ರೆ ಬರೆದರು. ಅಂದಿನಿಂದ ನಾನು ಯಾರಿಗೂ ಆಣೆ ಹಾಕಿಸಿಲ್ಲ.

ಹತ್ತು ದಿನಕ್ಕೆ ಕೈ ನಡುಕ ನಿಂತಿತು. ಮನೆಗೆ ಬಂದ ಮಾವ ಕೇಳಿದ: "ಸಂಜೆ ಹೊತ್ತು ನಾನೇನು ಮಾಡಲಿ ಅಳಿಯಾ?" ಅದಕ್ಕೆ ಮಾತ್ರೆಯಿರಲಿಲ್ಲ.

ಅವನು ಹೆಜ್ಜೇನು ಇಳಿಸುತ್ತಿದ್ದವನು. ಅಭಯಾರಣ್ಯದೊಳಗೆ ಜೇನು, ನೆಲ್ಲಿ, ಪಾಚಿ ಸಂಗ್ರಹ ನಿಂತಾಗ ಕಾಫಿ ತೋಟದ ಕೂಲಿಗೆ ಹೋದ. ಬಟವಾಡೆಯ ಸಂಜೆ ಅವನ ಕುಡಿತ ಶುರುವಾದದ್ದು ಅಲ್ಲಿ. 2007ರಲ್ಲಿ ಸಾರಾಯಿ ನಿಷೇಧವಾದಾಗ ಊರ ಹೆಂಗಸರು ನೆಮ್ಮದಿಪಟ್ಟರು, ಆದರೆ ಅದರ ಜಾಗಕ್ಕೆ 90 ಎಂ.ಎಲ್. ಮದ್ಯದ ಪೊಟ್ಟಣ ಬಂತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಕಾಡಿನ ಉತ್ಪನ್ನ ಸಂಗ್ರಹಿಸುವ ಸಮುದಾಯ ಹಕ್ಕು ಸಿಕ್ಕಿದ ಮೇಲೆ ಜೇನಿನ ತಂಡಗಳು ಮತ್ತೆ ಕೂಡಿದವು. ಕುಡಿದವನನ್ನು ಮರ ಹತ್ತಿಸುವುದಿಲ್ಲ. ಇದು ನಾನು ತಂದ ನಿಯಮವಲ್ಲ, ಅಜ್ಜಂದಿರದು.

ಮೊದಲ ವರ್ಷ ಮಾವನಿಗೆ ಕೆಳಗಿನ ಕೆಲಸವಷ್ಟೇ ಸಿಕ್ಕಿತು. ಒಣಗಿದ ಕಡ್ಡಿಯ ಸುತ್ತ ಹಸಿ ಸೊಪ್ಪು ಸುತ್ತಿ ಹೊಗೆಗೆ ಸೂಡಿ ಕಟ್ಟುವುದು. ಗಂಟು ಸಡಿಲವಾದರೆ ಮೇಲಿನವನ ಮೈಗೆ ಕಿಡಿ. ಅವನ ಬೆರಳುಗಳನ್ನೇ ನಾನು ನೋಡುತ್ತಿದ್ದೆ. ಮರುವರ್ಷ ಹತ್ತಿದ.

ಹಾಗೆಂದು ನಮ್ಮ ಸಂಸ್ಕೃತಿಯೇ ಮದ್ದು ಎಂದು ಭಾಷಣ ಮಾಡುವವರನ್ನು ನಾನು ನಂಬುವುದಿಲ್ಲ. ರಾಗಿ ಮನೆ ಸೇರಿದ ಮೇಲಿನ ರೊಟ್ಟಿ ಹಬ್ಬದಲ್ಲಿ ಗೊರುಕನ ಹಾಡು, ಸುತ್ತು ಕುಣಿತ ರಾತ್ರಿಯಿಡೀ ನಡೆಯುತ್ತದೆ, ಕತ್ತಲಲ್ಲಿ ಪೊಟ್ಟಣವೂ ಕೈ ಬದಲಾಯಿಸುತ್ತದೆ. ಮಾವ ಎರಡು ಹಬ್ಬಗಳಲ್ಲಿ ಜಾರಿದ. ನಾನು ಬೈಯಲಿಲ್ಲ. ಮೂರನೆಯ ಹಬ್ಬಕ್ಕೆ ಮೊದಲೇ ಪೋಡಿನ ಯಜಮಾನರ ಬಳಿ ಹೋಗಿ, ಹಾಡು ಎತ್ತಿಕೊಡುವ ಕೆಲಸವನ್ನು ಮಾವನಿಗೆ ಕೊಡಿ ಎಂದೆ. ಎತ್ತಿಕೊಡುವವನು ಸುತ್ತು ಬಿಟ್ಟು ಮರೆಗೆ ಹೋದರೆ ಕುಣಿತವೇ ನಿಲ್ಲುತ್ತದೆ. ಯಜಮಾನರು ನಕ್ಕು ಒಪ್ಪಿದರು.

ಆ ಹಬ್ಬದಲ್ಲಿ ಕೋಳಿ ಕೂಗುವ ಹೊತ್ತಿಗೆ ಮಾವ ನನ್ನ ಭುಜ ತಟ್ಟಿ ಪಿಸುಗುಟ್ಟಿದ: "ಗಂಟಲು ಕಟ್ಟಿದೆ ಅಳಿಯಾ, ಒಂದು ಲೋಟ ಕರಿ ಕಾಫಿ ತಾ."