ಕೌನ್ಸಿಲ್ಲೇ ತಂದೆತಾಯಿ: ಇಂಗ್ಲೆಂಡಿನಲ್ಲಿ ಕೇರ್ ಬಿಟ್ಟು ಹೊರಡುವ ಮಕ್ಕಳ ವ್ಯವಸ್ಥೆ

ಹೋದ ರಜೆಯಲ್ಲಿ ಮಂಡ್ಯದ ಮನೆಯ ಜಗಲಿಯಲ್ಲಿ ಕುಳಿತು ಇಂಗ್ಲೆಂಡಿನಲ್ಲಿ ಕೌನ್ಸಿಲ್, ಅಂದರೆ ಅಲ್ಲಿಯ ಸ್ಥಳೀಯ ಆಡಳಿತ, ಸಾಕುವ ಮಕ್ಕಳ ಜೊತೆಗಿನ ನನ್ನ ಕೆಲಸವೇನೆಂದು ವಿವರಿಸುತ್ತಿದ್ದಾಗ ಸೋದರತ್ತೆ ನಡುವೆಯೇ ತಡೆದು, "ಹದಿನೆಂಟು ತುಂಬುತ್ಲೂ ಮಕ್ಕಳನ್ನ ಆಚೆಗೆ ಕಳಿಸ್ಬಿಡ್ತಾರಂತಲ್ಲವ್ವ, ಆಮೇಲೆ ಅವಕ್ಕೆ ಯಾರು ದಿಕ್ಕು?" ಎಂದು ಕೇಳಿದರು. ಅದೇ ವಾರ ಮೈಸೂರಿನ ಸರಸ್ವತಿಪುರಂನಲ್ಲಿ ಗೆಳತಿಯೊಬ್ಬಳ ಮನೆಗೆ ಹೋದಾಗ, ಮಾನಸಗಂಗೋತ್ರಿಯಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಒಂದಷ್ಟು ವರ್ಷ ಇಲ್ಲಿ ದುಡಿದು ಇಂಗ್ಲೆಂಡಿನ ಕೌನ್ಸಿಲ್ ಕೆಲಸಕ್ಕೆ ಹೊರಟಿದ್ದ ಇಬ್ಬರೂ, ಅಲ್ಲಿಯೇ ಬಹುಕಾಲದಿಂದ ನೆಲೆಸಿ ಈಗ ಫಾಸ್ಟರ್ ಪೋಷಕರಾಗಲು (ಕೌನ್ಸಿಲ್ಲಿನ ಪಾಲನೆಯ ಮಗುವನ್ನು ತಮ್ಮ ಮನೆಯಲ್ಲಿಟ್ಟು ಸಾಕಲು) ಯೋಚಿಸುತ್ತಿರುವ ದಂಪತಿಯೂ ಸಿಕ್ಕಿ, ಬೇರೆ ಬೇರೆ ಮಾತುಗಳಲ್ಲಿ ಹೆಚ್ಚುಕಡಿಮೆ ಅತ್ತೆಯ ಪ್ರಶ್ನೆಯನ್ನೇ ಕೇಳಿದರು. ಅವರಿಗೆ ಅಂದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇದು ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡುಗಳಲ್ಲಿ ಕಾನೂನೂ ಬೇರೆ, ಸೋಷಿಯಲ್ ವರ್ಕರ್‌ಗಳ ನೋಂದಣಿ ಸಂಸ್ಥೆಯೂ ಬೇರೆ.

ಮೊದಲು 'ಕೇರ್' ಎಂಬ ಪದದ ಅರ್ಥ ಸ್ಪಷ್ಟವಾಗಬೇಕು. ನಮ್ಮಲ್ಲಿ ಈ ಮಾತು ಬಂದರೆ ಕಣ್ಣ ಮುಂದೆ ನಿಲ್ಲುವುದು ಬಾಲಮಂದಿರ, ಅಥವಾ ಮೈಸೂರಿನ ಹಳಬರಿಗಾದರೆ ತಾತಯ್ಯನವರ ಅನಾಥಾಲಯ. ಇಂಗ್ಲೆಂಡಿನಲ್ಲಿ ಕೌನ್ಸಿಲ್ಲಿನ ಪಾಲನೆಯಲ್ಲಿರುವ 80 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಕ್ಕಳು ಇರುವುದು ಫಾಸ್ಟರ್ ಕುಟುಂಬಗಳಲ್ಲಿ. ಮಕ್ಕಳ ಗೃಹಗಳಲ್ಲಿರುವವರು ಕಡಿಮೆ, ಆ ಗೃಹಗಳೂ ಸಾಮಾನ್ಯ ಬೀದಿಯ ಸಾಮಾನ್ಯ ಮನೆಗಳಂತೆಯೇ ಕಾಣುತ್ತವೆ. ಈ ಮಕ್ಕಳಲ್ಲಿ ಬಹುಪಾಲು ಅನಾಥರೂ ಅಲ್ಲ. ತಂದೆಯೋ ತಾಯಿಯೋ ಬದುಕಿರುತ್ತಾರೆ, ಆದರೆ ಅವರ ಬಳಿ ಮಗು ಸುರಕ್ಷಿತವಾಗಿರಲಾರದು. 1989ರ ಚಿಲ್ಡ್ರನ್ ಆಕ್ಟ್ ಪ್ರಕಾರ ಮಗು ಕೇರ್‌ಗೆ ಬರುವ ಮುಖ್ಯ ದಾರಿಗಳು ಎರಡು. 20ನೇ ಸೆಕ್ಷನ್ನಿನಡಿ ಹೆತ್ತವರ ಒಪ್ಪಿಗೆಯಿಂದ ಬಂದರೆ ಮಗುವಿನ ಮೇಲಿನ ಕಾನೂನು ಹೊಣೆ ಹೆತ್ತವರಲ್ಲೇ ಉಳಿಯುತ್ತದೆ. 31ನೇ ಸೆಕ್ಷನ್ನಿನಡಿ ಕೋರ್ಟು ಕೇರ್ ಆರ್ಡರ್ ಕೊಟ್ಟರೆ ಆ ಹೊಣೆಯಲ್ಲಿ ಕೌನ್ಸಿಲ್ಲೂ ಪಾಲುದಾರನಾಗುತ್ತದೆ. ಕೇರ್ ಆರ್ಡರ್ ಹದಿನೆಂಟಕ್ಕೆ ತಾನಾಗಿಯೇ ಮುಗಿಯುತ್ತದೆ. ಅತ್ತೆಯ ಕಿವಿಗೆ ಬಿದ್ದಿದ್ದ ಸುದ್ದಿ ಇಷ್ಟರಮಟ್ಟಿಗೆ ನಿಜ.

ಆದರೆ ಆರ್ಡರ್ ಮುಗಿದರೂ ಕೌನ್ಸಿಲ್ಲಿನ ಹೊಣೆ ಮುಗಿಯುವುದಿಲ್ಲ. 2000ದ ಚಿಲ್ಡ್ರನ್ (ಲೀವಿಂಗ್ ಕೇರ್) ಆಕ್ಟ್ ಈ ಹೊಣೆಗೆ ಗಟ್ಟಿ ರೂಪ ಕೊಟ್ಟಿತು. 2017ರ ಚಿಲ್ಡ್ರನ್ ಅಂಡ್ ಸೋಷಿಯಲ್ ವರ್ಕ್ ಆಕ್ಟ್ ಅದನ್ನು ಯುವಕ ಯುವತಿಯರು ಬಯಸಿದರೆ 25ರ ವಯಸ್ಸಿನವರೆಗೂ ವಿಸ್ತರಿಸಿತು, ಜೊತೆಗೆ 'ಕಾರ್ಪೊರೇಟ್ ಪೇರೆಂಟ್' ಆಗಿ ಕೌನ್ಸಿಲ್ ಹೇಗೆ ನಡೆದುಕೊಳ್ಳಬೇಕೆಂಬ ತತ್ವಗಳನ್ನೂ ಕಾನೂನಿನಲ್ಲೇ ಬರೆಯಿತು. ಒಂದು ಕಚೇರಿಯನ್ನು ತಂದೆತಾಯಿ ಎಂದು ಕರೆಯುವುದು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ, ನನಗೂ ಮೊದಲ ವರ್ಷ ಹಾಗೇ ಅನ್ನಿಸಿತ್ತು. ಕಚೇರಿ ಎಂದ ಮೇಲೆ ಅದಕ್ಕೆ ಮನಸ್ಸಿಲ್ಲ, ನಿಯಮವಿದೆ; ಆದ್ದರಿಂದ ಯಾವ ಮಗುವಿಗೆ ಏನು ಸಲ್ಲಬೇಕು ಎಂಬುದು ಆ ಮಗುವನ್ನು ಕಾನೂನು ಯಾವ ಹೆಸರಿನಿಂದ ಕರೆಯುತ್ತದೆ ಎಂಬುದರ ಮೇಲೆ ನಿಂತಿದೆ.

ಆ ಹೆಸರುಗಳಲ್ಲೇ ಹೊಸಬರು ಎಡವುವುದು. ಹದಿನಾಲ್ಕು ತುಂಬಿದ ಮೇಲೆ ಒಟ್ಟು 13 ವಾರ ಕೇರ್‌ನಲ್ಲಿದ್ದು, ಆ ಅವಧಿಯ ಸ್ವಲ್ಪ ಭಾಗವಾದರೂ ಹದಿನಾರು ದಾಟಿದ ಮೇಲಿನದಾಗಿದ್ದು, ಈಗಲೂ ಕೇರ್‌ನಲ್ಲಿರುವ 16 ಅಥವಾ 17 ವರ್ಷದವರು 'ಎಲಿಜಿಬಲ್'. ಅದೇ ವಯಸ್ಸಿನಲ್ಲಿ, ಅದೇ ಅರ್ಹತೆಯೊಂದಿಗೆ ಕೇರ್ ಬಿಟ್ಟವರು 'ರೆಲೆವೆಂಟ್'. ಇವರಿಬ್ಬರೂ ಹದಿನೆಂಟು ದಾಟಿದರೆ 'ಫಾರ್ಮರ್ ರೆಲೆವೆಂಟ್' ಆಗುತ್ತಾರೆ, ಪೂರ್ಣ ಪ್ರಮಾಣದ ಸೌಲಭ್ಯ ಸಲ್ಲುವುದು ಇವರಿಗೆ. ಹದಿನಾರು ದಾಟಿ ಕೇರ್‌ನಲ್ಲಿದ್ದರೂ 13 ವಾರ ತುಂಬದವರು 'ಕ್ವಾಲಿಫೈಯಿಂಗ್' ಗುಂಪಿಗೆ ಸೇರುತ್ತಾರೆ. ಅವರಿಗೆ ಸಲಹೆ, ಸಹಾಯ ಉಂಟು, ಆದರೆ ಉಳಿದವರಿಗಿರುವ ಗಟ್ಟಿಯಾದ ಹಕ್ಕುಗಳಿಲ್ಲ.

ಈ 13 ವಾರ ಒಂದೇ ಪಟ್ಟಿನಲ್ಲಿ ಇರಬೇಕಾಗಿಲ್ಲ ಎಂಬುದನ್ನು ನಾನು ತಪ್ಪು ಮಾಡಿಯೇ ಕಲಿತೆ. ಗುರುತು ಸಿಗದಂತೆ ವಿವರ ಬದಲಿಸಿ ಹೇಳುವುದಾದರೆ, ಒಬ್ಬ ಹುಡುಗಿ ಹದಿನಾಲ್ಕನೇ ವಯಸ್ಸಿನಲ್ಲಿ ಐದು ವಾರ, ಹದಿನೈದರಲ್ಲಿ ನಾಲ್ಕು ವಾರ, ಹದಿನಾರು ದಾಟಿದ ಮೇಲೆ ಐದು ವಾರ ಕೇರ್‌ನಲ್ಲಿದ್ದಳು. ನಾನು ಕೊನೆಯ ಐದು ವಾರವನ್ನಷ್ಟೇ ಎಣಿಸಿ ಅವಳನ್ನು ಕ್ವಾಲಿಫೈಯಿಂಗ್ ಎಂದು ಬರೆದುಬಿಟ್ಟೆ. ಅವಳ ಪರವಾಗಿ ಮಾತಾಡಲು ಬಂದಿದ್ದ ಅಡ್ವೊಕೇಟ್ (ವಕೀಲರಲ್ಲ, ಮಕ್ಕಳ ಮಾತನ್ನು ಅಧಿಕಾರಿಗಳ ಮುಂದಿಡುವವರು) ಬೆರಳು ಮಡಚಿ ಹದಿನಾಲ್ಕು ಎಣಿಸಿ ತೋರಿಸಿದರು. ಆ ಒಂದು ಎಣಿಕೆಯಿಂದ ಅವಳಿಗೆ 25ರವರೆಗೆ ಬರಬೇಕಾಗಿದ್ದ ಬೆಂಬಲ ತಪ್ಪಿಹೋಗುತ್ತಿತ್ತು. ಕೆಲಸಕ್ಕೆ ಹೊರಟವರಿಗೆ ನನ್ನ ಮೊದಲ ಸಲಹೆ, ಫೈಲಿನಲ್ಲಿ ಹಿಂದಿನವರು ಏನೇ ಬರೆದಿರಲಿ, ವಾರಗಳನ್ನು ನೀವೇ ಹೊಸದಾಗಿ ಎಣಿಸಿ.

ಹದಿನಾರರ ಹೊತ್ತಿಗೆ ಮಗುವಿನ ಅಗತ್ಯಗಳನ್ನು ಅಳೆದು 'ಪಾತ್‌ವೇ ಪ್ಲ್ಯಾನ್' ಬರೆಯಬೇಕು: ವಾಸ, ಓದು, ಕೆಲಸ, ಆರೋಗ್ಯ, ಹಣಕಾಸು, ನಂಟು, ಯಾವುದು ಎಲ್ಲಿಗೆ ಬಂದಿದೆ, ಮುಂದೆ ಯಾರು ಏನು ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿರಬೇಕು, ಕನಿಷ್ಠ ಆರು ತಿಂಗಳಿಗೊಮ್ಮೆ ಮರುಪರಿಶೀಲನೆಯಾಗಬೇಕು. ಹದಿನೆಂಟರವರೆಗೆ ಮಗುವಿಗೊಬ್ಬ ಸೋಷಿಯಲ್ ವರ್ಕರ್ ಇರುತ್ತಾರೆ, ಆ ನಂತರ ಹೊಣೆ 'ಪರ್ಸನಲ್ ಅಡ್ವೈಸರ್' ಕೈಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಸೋಷಿಯಲ್ ವರ್ಕರ್ ಎಂದು ಕರೆದುಕೊಳ್ಳಬೇಕಾದರೆ ಸೋಷಿಯಲ್ ವರ್ಕ್ ಇಂಗ್ಲೆಂಡ್ ಸಂಸ್ಥೆಯಲ್ಲಿ ನೋಂದಣಿ ಕಡ್ಡಾಯ, ನಮ್ಮ ಎಂ.ಎಸ್.ಡಬ್ಲ್ಯೂ. ಪದವಿಯನ್ನೂ ಅನುಭವವನ್ನೂ ಅವರು ಪರಿಶೀಲಿಸಿಯೇ ಒಪ್ಪುತ್ತಾರೆ. ಪರ್ಸನಲ್ ಅಡ್ವೈಸರ್ ಆಗಲು ಆ ನೋಂದಣಿ ಬೇಕಾಗಿಲ್ಲ. ಇನ್ನೊಂದು ವಿಷಯ, ಯುವಕ ಬೇರೆ ಊರಿಗೆ ಹೋದರೂ ಅವನನ್ನು ಸಾಕಿದ ಕೌನ್ಸಿಲ್ಲೇ ಹೊಣೆಗಾರನಾಗಿ ಉಳಿಯುತ್ತದೆ. "ಈಗ ಅವನು ನಮ್ಮ ವ್ಯಾಪ್ತಿಯಲ್ಲಿಲ್ಲ" ಎಂಬ ಉತ್ತರ ಎಲ್ಲಿ ಕೇಳಿಬಂದರೂ ಒಪ್ಪಬೇಡಿ.

ಕೆಲಸದ ಸಂದರ್ಶನದಲ್ಲಿ ನಿಮ್ಮ ದೇಶದಲ್ಲಿ ಹೇಗೆ ಎಂದು ಕೇಳುತ್ತಾರೆ. ನಮ್ಮಲ್ಲಿ ಏನೂ ಇಲ್ಲ ಎಂದು ಸಂಕೋಚದಿಂದ ತಲೆ ತಗ್ಗಿಸಬೇಡಿ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಹದಿನೆಂಟು ತುಂಬಿ ಸಂಸ್ಥೆ ಬಿಡುವವರಿಗೆ ಆರ್ಥಿಕ ನೆರವಿನ ಅವಕಾಶ ಕೊಡುತ್ತದೆ, ನಿಯಮಗಳು ಅನುಪಾಲನೆಯನ್ನು (ಸಂಸ್ಥೆ ಬಿಟ್ಟ ನಂತರದ ಪಾಲನೆಯನ್ನು) 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಒಪ್ಪುತ್ತವೆ, ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿಯ ನೆರವೂ ಇದೆ. ವ್ಯತ್ಯಾಸವಿರುವುದು, ನಮ್ಮ ಕಾಯ್ದೆ 'ಕೊಡಬಹುದು' ಎನ್ನುವಲ್ಲಿ ಅವರದು 'ಕೊಡತಕ್ಕದ್ದು' ಎನ್ನುತ್ತದೆ ಎಂಬುದರಲ್ಲಿ.

ಹಣದ ವಿಷಯಕ್ಕೆ ಬರುತ್ತೇನೆ. ಸ್ವಂತ ಮನೆ ಹೂಡಲು ಕೊಡುವ 'ಸೆಟ್ಟಿಂಗ್ ಅಪ್ ಹೋಮ್ ಅಲೋವೆನ್ಸ್' 2023ರಲ್ಲಿ 2,000 ಪೌಂಡಿನಿಂದ 3,000 ಪೌಂಡಿಗೆ ಏರಿತು. ಕೇಳಲು ದೊಡ್ಡ ಮೊತ್ತ. ಆದರೆ ಅಲ್ಲಿಯ ಕೌನ್ಸಿಲ್ ಮನೆಗಳಿಗೆ ಸಾಮಾನ್ಯವಾಗಿ ನೆಲಹಾಸೂ ಇರುವುದಿಲ್ಲ, ಒಲೆಯೂ ಇರುವುದಿಲ್ಲ. ಹತ್ತೊಂಬತ್ತರ ಒಬ್ಬ ಹುಡುಗನ ಜೊತೆ ನಾನು ಮೊದಲ ದಿನ ಅವನ ಫ್ಲ್ಯಾಟಿಗೆ ಹೋದಾಗ ನವೆಂಬರಿನ ಚಳಿಯಲ್ಲಿ ಬರಿ ಸಿಮೆಂಟು ನೆಲ, ಕಿಟಕಿಗೆ ಪರದೆಯಿಲ್ಲ, ಮಾತಾಡಿದರೆ ಗೋಡೆಯಿಂದ ಗೋಡೆಗೆ ಸದ್ದು. ಗೃಹಪ್ರವೇಶಕ್ಕೆ ಹಾಲುಕ್ಕಿಸುವ ಊರಿನಿಂದ ಹೋದ ನನಗೆ ಆ ಒಲೆಯಿಲ್ಲದ ಅಡುಗೆಮನೆ ನೋಡಲಾಗಲಿಲ್ಲ. ಅವನು ಜೇಬಿನಲ್ಲಿದ್ದ ಹತ್ತು ಪೌಂಡನ್ನು ಪ್ರಿಪೇಯ್ಡ್ ಕರೆಂಟ್ ಮೀಟರಿಗೆ ತುಂಬಲು ಹೊರಟಿದ್ದ, ನಾನು ತಡೆದೆ. ಹಿಂದಿನ ಬಾಡಿಗೆದಾರರ ಬಾಕಿ ಆ ಮೀಟರಿನಲ್ಲಿ ಉಳಿದಿದ್ದರೆ ನಾವು ತುಂಬಿದ ಹಣ ಅದಕ್ಕೇ ವಜಾ ಆಗುತ್ತದೆ. ಮೊದಲು ಕಂಪನಿಗೆ ಫೋನು ಮಾಡಿ ಹೊಸಬರು ಬಂದಿದ್ದಾರೆಂದು ತಿಳಿಸಿ, ಮೀಟರಿನ ಅಂಕಿ ಓದಿ ಹೇಳಿ, ಬಾಕಿ ಅಳಿಸಿಕೊಳ್ಳಬೇಕು. ಮುಕ್ಕಾಲು ಗಂಟೆ ಕಾದು ಅಷ್ಟನ್ನು ಮಾಡಿ ಮುಗಿಸಿದೆವು. ಅವನು ಅಲೋವೆನ್ಸಿನಲ್ಲಿ ಮೊದಲು ದೊಡ್ಡ ಟಿವಿ ಕೊಳ್ಳಬೇಕೆಂದ, ನಾನು ಕಾರ್ಪೆಟ್ ಎಂದೆ. ಕೊನೆಗೆ ಕಾರ್ಪೆಟ್ ಹಾಕಿಸಿ, ಸೆಕೆಂಡ್ ಹ್ಯಾಂಡ್ ಒಲೆ ತಂದು, ಸಣ್ಣ ಟಿವಿಗೆ ಒಪ್ಪಿದ. ಈ ಕೆಲಸದ ತಿರುಳೆಲ್ಲ ಇಂಥ ಚೌಕಾಸಿಯಲ್ಲಿದೆ, ಆದರೆ ಪಾತ್‌ವೇ ಪ್ಲ್ಯಾನಿನ ಯಾವ ಕಾಲಮ್ಮಿನಲ್ಲೂ ಅದಕ್ಕೆ ಜಾಗವಿಲ್ಲ.

ಉಳಿದ ಹಣಕಾಸು ಬೇಗ ಹೇಳಿ ಮುಗಿಸುತ್ತೇನೆ. ಯೂನಿವರ್ಸಿಟಿಗೆ ಹೋಗುವ ಫಾರ್ಮರ್ ರೆಲೆವೆಂಟ್ ವರ್ಗದವರಿಗೆ ಕೌನ್ಸಿಲ್ 2,000 ಪೌಂಡಿನ ಬರ್ಸರಿ (ಸಹಾಯಧನ) ಕೊಡಬೇಕು, ಅಪ್ರೆಂಟಿಸ್‌ಶಿಪ್ ಸೇರುವವರಿಗೆ ಬೇರೆಯಾಗಿ 3,000 ಪೌಂಡಿನ ಬರ್ಸರಿ ಇದೆ. ಹದಿನೆಂಟರಿಂದ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು) ಕೇಳಬಹುದು, ಅದರ ಮನೆಬಾಡಿಗೆ ಭಾಗವನ್ನು ಲೆಕ್ಕಹಾಕುವಾಗ ಒಂಟಿ ಯುವಕರಿಗಿರುವ ಹಂಚಿಕೆ ಕೋಣೆಯ ಕಡಿಮೆ ದರ ಕೇರ್ ಬಿಟ್ಟ ಈ ಯುವಜನರಿಗೆ, ಅಂದರೆ ಕೇರ್ ಲೀವರ್‌ಗಳಿಗೆ 25ರವರೆಗೆ ಅನ್ವಯಿಸುವುದಿಲ್ಲ. ಕೌನ್ಸಿಲ್ ಟ್ಯಾಕ್ಸ್ (ವಾಸದ ಮನೆಯ ಮೇಲಿನ ಸ್ಥಳೀಯ ತೆರಿಗೆ) ವಿನಾಯಿತಿ ಅನೇಕ ಕೌನ್ಸಿಲ್‌ಗಳಲ್ಲಿದೆ, ಎಲ್ಲ ಕಡೆಯಿಲ್ಲ. ಪ್ರತಿ ಕೌನ್ಸಿಲ್ ಪ್ರಕಟಿಸಲೇಬೇಕಾದ 'ಲೋಕಲ್ ಆಫರ್' (ಕೇರ್ ಬಿಟ್ಟವರಿಗೆ ತಾನು ಕೊಡುವ ಸೌಲಭ್ಯಗಳ ಪಟ್ಟಿ) ನೋಡಿ. ಮನೆ ಕಳೆದುಕೊಂಡ 18ರಿಂದ 20ರ ಕೇರ್ ಲೀವರ್‌ಗಳನ್ನು ವಸತಿ ಇಲಾಖೆ ಆದ್ಯತೆಯವರೆಂದೇ ಪರಿಗಣಿಸಬೇಕು.

ಫಾಸ್ಟರ್ ಮಾಡಬೇಕೆಂದಿರುವ ದಂಪತಿ ಕೇಳಿದ್ದು, ಹದಿನೆಂಟಾದ ದಿನವೇ ಮಗುವನ್ನು ಕಳಿಸಬೇಕೇ ಎಂದು. ಬೇಕಿಲ್ಲ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್ ತಂದ 'ಸ್ಟೇಯಿಂಗ್ ಪುಟ್' ಪ್ರಕಾರ, ಮಗುವೂ ನೀವೂ ಒಪ್ಪಿದರೆ 21ರವರೆಗೆ ಅದೇ ಮನೆಯಲ್ಲಿ ಇರಿಸಿಕೊಳ್ಳಬಹುದು, ಕೌನ್ಸಿಲ್ ಅದಕ್ಕೆ ನೆರವಾಗಬೇಕು. ಆದರೆ ಹದಿನೆಂಟರ ನಂತರ ನಿಮ್ಮ ಕೈಗೆ ಬರುವ ಹಣ ಹಿಂದಿನಷ್ಟೇ ಇರುತ್ತದೆಂದು ನಂಬಬೇಡಿ. ಎಷ್ಟು, ಯಾರು ಕೊಡುತ್ತಾರೆ, ಯುವಕನ ಪಾಲೆಷ್ಟು ಎಂಬುದನ್ನು ಅವನಿಗೆ ಹದಿನಾರು ಹದಿನೇಳು ಇರುವಾಗಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಪೂರ್ಣ ಫಾಸ್ಟರಿಂಗ್ ಆಗದಿದ್ದರೆ 'ಸಪೋರ್ಟೆಡ್ ಲಾಜಿಂಗ್ಸ್' ಎಂಬುದಿದೆ. ಹದಿನಾರು ದಾಟಿದವರಿಗೆ ಕೋಣೆ ಕೊಟ್ಟು, ಅಡುಗೆ, ಬಟ್ಟೆ, ಬ್ಯಾಂಕು ಇತ್ಯಾದಿಗಳಲ್ಲಿ ಕೈಹಿಡಿದು ಕಲಿಸುವ ಮನೆಗಳಿವು. ನಮ್ಮ ತಾತನ ಕಾಲದ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದ ಹುಡುಗರ ಕತೆ ಕೇಳಿದವರಿಗೆ ಇದು ತೀರಾ ಪರಕೀಯವೆನಿಸುವುದಿಲ್ಲ, ಪೊಲೀಸ್ ದಾಖಲೆ ತಪಾಸಣೆ, ತರಬೇತಿ ಮತ್ತು ಸಂಭಾವನೆಗಳು ಮಾತ್ರ ಹೊಸತು. ಫಾಸ್ಟರ್ ಮಾಡಲು ಸ್ವಂತ ಮನೆಯೂ ಬ್ರಿಟಿಷ್ ಪೌರತ್ವವೂ ಬೇಕಿಲ್ಲ, ಮಗುವಿಗೆ ಪ್ರತ್ಯೇಕ ಕೋಣೆ ಬೇಕು, ನಿಮ್ಮ ವೀಸಾದ ಷರತ್ತು ಅದಕ್ಕೆ ಅಡ್ಡಬರಬಾರದು. ನಿಮ್ಮದು ಸಸ್ಯಾಹಾರದ ಮನೆಯಾದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಮಗು ಬಂದ ಮೇಲೆ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ನಮ್ಮವರು ಗೊತ್ತಿಲ್ಲದೆ ಕಾನೂನು ಮೀರುವ ಒಂದು ಜಾಗವನ್ನೂ ಹೇಳಲೇಬೇಕು. ಹದಿನಾರರ ಒಳಗಿನ ಮಗುವನ್ನು, ಅಂಗವೈಕಲ್ಯವಿದ್ದರೆ ಹದಿನೆಂಟರ ಒಳಗಿನ ಮಗುವನ್ನು, ಹತ್ತಿರದ ಸಂಬಂಧಿಯಲ್ಲದವರು ಹೆತ್ತವರೊಂದಿಗಿನ ಮಾತಿನ ಮೇಲೆ 28 ದಿನ ಅಥವಾ ಅದಕ್ಕೂ ಹೆಚ್ಚು ಇರಿಸಿಕೊಂಡರೆ ಅದು 'ಪ್ರೈವೇಟ್ ಫಾಸ್ಟರಿಂಗ್' ಆಗುತ್ತದೆ, ಆರು ವಾರ ಮೊದಲೇ ಕೌನ್ಸಿಲ್ಲಿಗೆ ತಿಳಿಸಬೇಕು. ನಮಗೆ ಅಪ್ಪನ ಒಡಹುಟ್ಟಿದವನೂ ಚಿಕ್ಕಪ್ಪ, ಅಪ್ಪನ ದೊಡ್ಡಪ್ಪನ ಮಗನೂ ಚಿಕ್ಕಪ್ಪ. ಆ ಕಾನೂನಿಗೆ ಮೊದಲನೆಯವನು ಸಂಬಂಧಿ, ಎರಡನೆಯವನು ಅಲ್ಲ. ಓದಿಗೆಂದು ಊರಿನಿಂದ ಮಗುವನ್ನು ಕರೆಸಿಕೊಂಡು "ಚಿಕ್ಕಪ್ಪನ ಮನೆಯಲ್ಲಿದ್ದಾನೆ" ಎಂದು ನಿಶ್ಚಿಂತೆಯಿಂದಿರುವ ಕುಟುಂಬಗಳನ್ನು ನಾನು ಬಲ್ಲೆ. ಹಾಗೆ ಇದ್ದ ವಾರಗಳು ಮೇಲೆ ಹೇಳಿದ 13ರ ಲೆಕ್ಕಕ್ಕೂ ಸೇರುವುದಿಲ್ಲ.

ಕೇರ್‌ನಲ್ಲಿರುವ ಮಗು ಭಾರತೀಯ ಪಾಸ್‌ಪೋರ್ಟಿನದಾದರೆ ಅವಸರ ಇನ್ನೂ ಹೆಚ್ಚು. ಕೇರ್‌ಗೆ ಬಂದ ಮಾತ್ರಕ್ಕೆ ಆ ದೇಶದಲ್ಲಿ ಉಳಿಯುವ ಹಕ್ಕು ಸಿಗುವುದಿಲ್ಲ. ಅರ್ಹ ಮಕ್ಕಳನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸಲು ಅರ್ಜಿ ಹಾಕಬಹುದು, 2022ರಿಂದ ಕೌನ್ಸಿಲ್ ಪಾಲನೆಯ ಮಕ್ಕಳಿಗೆ ಅದರ ಶುಲ್ಕವಿಲ್ಲ, ಆದರೆ ಅರ್ಜಿ ಹದಿನೆಂಟರ ಒಳಗೆ ಹೋಗಬೇಕು. ಹದಿನೇಳೂವರೆಯಲ್ಲಿ ನೆನಪಾದರೆ ಜನನ ಪ್ರಮಾಣಪತ್ರಕ್ಕಾಗಿ ಇಲ್ಲಿಯ ತಾಲ್ಲೂಕು ಕಚೇರಿಗೆ ಬರೆದು ಉತ್ತರ ಬರುವಷ್ಟರಲ್ಲೇ ಹುಟ್ಟುಹಬ್ಬ ಕಳೆದುಹೋಗುತ್ತದೆ.

ಇಷ್ಟೆಲ್ಲದರ ದಾಖಲೆಯೂ ಆ ಮಗುವಿನ ಫೈಲಿನಲ್ಲಿರುತ್ತದೆ, ಮಗು ಹುಟ್ಟಿ 75 ವರ್ಷವಾಗುವವರೆಗೆ ಅದನ್ನು ಉಳಿಸಬೇಕು, ದೊಡ್ಡವರಾದ ಮೇಲೆ ಅದನ್ನು ಕೇಳಿ ಓದುವ ಹಕ್ಕು ಅವರಿಗಿದೆ. ನಲವತ್ತು ದಾಟಿದ ಒಬ್ಬರು ತಮ್ಮ ಫೈಲು ಓದುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ಹನ್ನೊಂದನೇ ವಯಸ್ಸಿನ ಒಂದು ಭೇಟಿಯ ಟಿಪ್ಪಣಿಯಲ್ಲಿ "ಹಟಮಾರಿ, ಊಟ ನಿರಾಕರಿಸಿದ" ಎಂದಷ್ಟೇ ಇತ್ತು. ಅವರು ಅದನ್ನು ಎರಡು ಸಲ ಓದಿ, "ಅವತ್ತು ನನ್ನ ತಮ್ಮನನ್ನು ಬೇರೆ ಮನೆಗೆ ಕಳಿಸಿದ್ದರು, ಅದನ್ನು ಯಾಕೆ ಬರೆದಿಲ್ಲ?" ಎಂದು ಕೇಳಿದರು. ಆಮೇಲಿಂದ ನಾನು ಭೇಟಿಯ ಟಿಪ್ಪಣಿಯನ್ನು "ನೀನು" ಎಂದೇ ಶುರುಮಾಡಿ ಬರೆಯುತ್ತೇನೆ, ಈಗ ಅನೇಕ ಕೌನ್ಸಿಲ್‌ಗಳಲ್ಲಿ ಹಾಗೆ ಬರೆಯುವ ರೂಢಿಯಿದೆ. ಸರಸ್ವತಿಪುರಂನಲ್ಲಿ ಸಿಕ್ಕ ಆ ಇಬ್ಬರಿಗೆ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವುದರ ಬಗ್ಗೆ ಅಳುಕಿತ್ತು. ಅವರ ಮುಂದೆ ಒಂದು ಹಾಳೆ ಇಟ್ಟು, ಅಂದು ಬೆಳಿಗ್ಗೆ ತಾವು ನೋಡಿದ ಯಾವುದಾದರೂ ಮಗುವಿನ ಬಗ್ಗೆ ಐದು ಸಾಲು ಕನ್ನಡದಲ್ಲೇ, ಆ ಮಗು ಮುಂದೊಂದು ದಿನ ಓದುತ್ತದೆಂದು ತಿಳಿದು ಬರೆಯಿರಿ ಎಂದೆ. ಬರೆಯಲು ಇಬ್ಬರಿಗೂ ಅರ್ಧ ಗಂಟೆ ಹಿಡಿಯಿತು.