ಗುಹ್ಯಕರು ಲೆಕ್ಕ ಹೇಳುವುದಿಲ್ಲ

ಮೊದಲ ಎರಡು ವರ್ಷ ನಾವು ಪುಸ್ತಕದಲ್ಲಿದ್ದ ಹಾಗೇ ಆಡಿದೆವು. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಸುತ್ತ ಐದು ಜನ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಕೈಪಿಡಿ, ಒಂದು ಡಬ್ಬಿ ದಾಳ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾ, ದಾಳ ಉರುಳಿಸುತ್ತಾ ಕತೆ ಬೆಳೆಸುವ ಆಟ ಅದು. ಕತೆ ನಡೆಸುವವನು ನಾನು. ಕಾಡಿನ ಎಲ್ಫ್, ಗಣಿ ತೋಡುವ ಕುಳ್ಳ ಡ್ವಾರ್ಫ್, ಪುಟ್ಟ ಮೈಯ ಹಾಫ್ಲಿಂಗ್ ಎಲ್ಲರೂ ಇದ್ದರು. ಆದರೆ ಪಾತ್ರದೊಳಗೆ ಹೊಕ್ಕ ತಕ್ಷಣ ಎಲ್ಲರೂ ಇಂಗ್ಲಿಷಿಗೆ ಜಾರುತ್ತಿದ್ದರು. ಚಹಾ ಕೇಳುವುದು ಕನ್ನಡದಲ್ಲಿ, ಕತ್ತಿ ಹಿರಿಯುವುದು ಇಂಗ್ಲಿಷಿನಲ್ಲಿ. ಎಲ್ಫ್ ಬಾಯಲ್ಲಿ ಕನ್ನಡ ಆಡಿಸಿದರೆ ಅದು ಹಳೆಯ ಪೌರಾಣಿಕ ನಾಟಕದ ಮಾತಾಗುತ್ತಿತ್ತು. ಇದು ನನ್ನನ್ನು ಬಹಳ ಕೊರೆಯಿತು. ನಮ್ಮದೇ ಲೋಕ ಕಟ್ಟೋಣ, ಅಲ್ಲಿ ಬದುಕುವವರು ಕನ್ನಡದಲ್ಲೇ ಯೋಚಿಸಲಿ ಅಂತ ಹೊರಟೆ.

ಮೊದಲು ಕೈಹಾಕಿದ್ದು ಹಳೆಯ ಸಂಸ್ಕೃತ ನಿಘಂಟು ಅಮರಕೋಶಕ್ಕೆ. ದೇವಯೋನಿಗಳು ಎಂದು ಅದರಲ್ಲಿ ಹತ್ತು ಹೆಸರು ಒಟ್ಟಿಗೆ ಬರುತ್ತವೆ: ವಿದ್ಯಾಧರ, ಅಪ್ಸರೆ, ಯಕ್ಷ, ರಾಕ್ಷಸ, ಗಂಧರ್ವ, ಕಿನ್ನರ, ಪಿಶಾಚ, ಗುಹ್ಯಕ, ಸಿದ್ಧ, ಭೂತ. ಅದಕ್ಕೆ ನಾಗರು, ವಾನರರು ಅಂತ ನನ್ನ ಕಡೆಯಿಂದ ನಾಲ್ಕು ಸೇರಿಸಿ ಹದಿನಾಲ್ಕು ಮಾಡಿದೆ. ಒಂದು ಇಡೀ ನೋಟ್‌ಬುಕ್ ತುಂಬಿತು. ಆಡಲು ಕೂತರೆ ಆಟಗಾರರಿಗೆ ಗಂಧರ್ವನಿಗೂ ವಿದ್ಯಾಧರನಿಗೂ ಏನು ವ್ಯತ್ಯಾಸ ಅನ್ನುವುದೇ ತಿಳಿಯಲಿಲ್ಲ. ಕೇಳಿದರೆ ನನಗೂ ಹೇಳಲು ಬರಲಿಲ್ಲ. ಇಬ್ಬರೂ ಚೆಲುವರು, ಇಬ್ಬರೂ ಆಕಾಶದಲ್ಲಿ ಓಡಾಡುವವರು, ಅಷ್ಟೇ. ಅಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಪ್ರಶ್ನೆ ಬರೆದುಕೊಂಡೆ: ಈ ಮಂದಿಯಲ್ಲಿ ಒಬ್ಬನಾದರೆ, ಮೇಜಿನ ಮುಂದೆ ಕೂತ ಆಟಗಾರ ಬೇರೆ ಥರ ಏನು ಮಾಡುತ್ತಾನೆ? ಉತ್ತರ ಸಿಗದ ಹೆಸರನ್ನೆಲ್ಲ ಹೊಡೆದು ಹಾಕಿದೆ.

ಎರಡು ಹೆಸರು ಹೊಡೆದದ್ದಕ್ಕೆ ಕಾರಣ ಬೇರೆ. ರಾಕ್ಷಸರನ್ನು ಇಟ್ಟರೆ ‘ಹುಟ್ಟಿನಿಂದಲೇ ಕೆಟ್ಟವರು, ಕಂಡಲ್ಲಿ ಕೊಲ್ಲಬಹುದು’ ಎನ್ನುವ ಒಂದು ಗುಂಪು ತಯಾರಾಗುತ್ತದೆ, ಅದು ನನಗೆ ಬೇಡವಾಗಿತ್ತು. ಇನ್ನು ನಾಗರು. ನಮ್ಮ ಗುಂಪಿನ ಒಬ್ಬಳ ತವರು ಉಡುಪಿ ಕಡೆ. ಅವರ ಹಿತ್ತಲಲ್ಲಿ ನಾಗಬನವಿದೆ, ಅಲ್ಲಿ ಒಣಗಿದ ಕೊಂಬೆಯನ್ನೂ ಯಾರೂ ಕಡಿಯುವುದಿಲ್ಲ. ಜನ ಇವತ್ತಿಗೂ ಹಾಲು, ಎಳನೀರಿನ ತನು ಎರೆಯುವ ದೇವರಿಗೆ ನಾನು ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಿಂದರೆ ಸಾವು ಅನ್ನುವ ಅಂಕಿ, ಬರೆಯಲಾರೆ. ನಮ್ಮ ಲೋಕದಲ್ಲಿ ಬನಗಳಿವೆ, ಅವುಗಳ ಮುಂದೆ ದನಿ ತಗ್ಗಿಸಿ ನಡೆಯುತ್ತಾರೆ. ಅದಕ್ಕಿಂತ ಹೆಚ್ಚು ಏನೂ ಇಲ್ಲ.

ಹೆಸರಿಗಿಂತ ಹೆಚ್ಚು ಕಾಡಿದ್ದು ‘ರೇಸ್’ ಎನ್ನುವ ಪದ. ಎಲ್ಫ್, ಡ್ವಾರ್ಫ್ ಥರದ ಗುಂಪುಗಳಿಗೆ ಆ ಆಟದಲ್ಲಿದ್ದ ಹೆಸರು ಅದು. ಜನಾಂಗ ಅಂದರೆ ಪಠ್ಯಪುಸ್ತಕದ ವಾಸನೆ. ಜಾತಿ, ಕುಲ ಅಂದರೆ ನಮ್ಮಲ್ಲಿ ಏನು ಕೇಳಿಸುತ್ತದೆ ಅಂತ ಹೇಳಬೇಕಿಲ್ಲ. 1974ರಲ್ಲಿ ಬಂದ ಆ ಆಟದ ಮೊದಲ ಆವೃತ್ತಿಯಲ್ಲಿ ಡ್ವಾರ್ಫ್ ಆಗಿ ಹುಟ್ಟಿದವನು ಕಾದಾಳು ಮಾತ್ರ ಆಗಬಹುದಿತ್ತು, ಅದೂ ಆರನೇ ಲೆವೆಲ್‌ವರೆಗೆ. 2014ರ ಹೊತ್ತಿಗೆ ಆ ಕಟ್ಟು ಹೋಗಿದ್ದರೂ ಹುಟ್ಟು ನೋಡಿ ಬಲ, ಬುದ್ಧಿ ಇತ್ಯಾದಿಗೆ ಹೆಚ್ಚಿನ ಅಂಕ ಕೊಡುವ ಪದ್ಧತಿ ಉಳಿದಿತ್ತು. ನಾನೂ ಹಾಗೇ ‘ವಿದ್ಯಾಧರ: ಬುದ್ಧಿ +2’ ಅಂತ ಬರೆದು ಎಲ್ಲರಿಗೂ ಹಂಚಿದೆ. ಒಬ್ಬ ಗೆಳೆಯ ಹಾಳೆ ಓದಿ ಪೆನ್ಸಿಲ್ ಕೆಳಗಿಟ್ಟ. “ಹುಟ್ಟಿದ ಮನೆ ನೋಡಿ ಬುದ್ಧಿ ಅಳೆಯೋದನ್ನ ನಾನು ಊರಲ್ಲೇ ಸಾಕಷ್ಟು ಕೇಳಿದ್ದೀನಿ. ಆಟದಲ್ಲೂ ಬೇಡ,” ಅಂದ. ಇಂಗ್ಲಿಷಿನಲ್ಲಿ ಬರೀ ಅಂಕಿಯಾಗಿದ್ದದ್ದು ಕನ್ನಡದಲ್ಲಿ ಬರೆದಾಗ ಏನಾಯಿತು ಅಂತ ನನಗೆ ಆಗ ಹೊಳೆಯಿತು. ಆ ಹಾಳೆಗಳನ್ನು ವಾಪಸ್ ತೆಗೆದುಕೊಂಡೆ. ಆಮೇಲೆ 2024ರ ಕೈಪಿಡಿಯೇ ಆ ಅಂಕಗಳನ್ನು ಹುಟ್ಟಿನಿಂದ ಬಿಡಿಸಿ ಪಾತ್ರದ ಹಿನ್ನೆಲೆಗೆ ಸೇರಿಸಿತು, ರೇಸ್ ಪದವನ್ನೂ ಬಿಟ್ಟಿತು. ನಮ್ಮಲ್ಲಿ ಈಗ ‘ಮಂದಿ’ ಅನ್ನುತ್ತೇವೆ. ಕಿನ್ನರ ಮಂದಿ, ಗುಹ್ಯಕ ಮಂದಿ. ಪ್ರತಿ ಮಂದಿಗೂ ಮೈಗೆ ಸೇರಿದ ಒಂದು ಶಕ್ತಿ, ಮೈಗೆ ಸೇರಿದ ಒಂದು ತೊಡಕು, ಬೆಳೆದ ಮನೆಯಿಂದ ಬಂದ ಒಂದು ರೂಢಿ. ಬುದ್ಧಿ, ಧೈರ್ಯ, ಒಳ್ಳೆಯತನ ಇವೆಲ್ಲ ಆಟಗಾರನ ಆಯ್ಕೆ.

ಲೋಕದ ನಕ್ಷೆ ಸರಳ. ನಡುವೆ ಒಂದು ಘಟ್ಟ, ಒಂದು ಕಡೆ ಕಡಲು, ಇನ್ನೊಂದು ಕಡೆ ಒಣ ಬಯಲು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ, ಚಳ್ಳಕೆರೆಯಲ್ಲಿ 600 ಮುಟ್ಟುವುದೇ ಕಷ್ಟ. ಎರಡೂ ಒಂದೇ ರಾಜ್ಯದೊಳಗೆ. ಇಷ್ಟು ಹತ್ತಿರದಲ್ಲಿ ಇಷ್ಟು ಬೇರೆ ಬೇರೆ ಬದುಕು ಇರುವಾಗ ಮಂದಿಯನ್ನು ಹುಡುಕಲು ಬೇರೆಲ್ಲಿಗೂ ಹೋಗಬೇಕಾಗಲಿಲ್ಲ.

ಕಿನ್ನರರನ್ನು ಮೊದಲು ಹಕ್ಕಿಮೈಯವರಾಗಿ ಮಾಡಿದ್ದೆ, ಜಾವಾದ ಬೌದ್ಧ ಸ್ತೂಪ ಬೊರೊಬುದೂರಿನ ಕೆತ್ತನೆಗಳಲ್ಲಿ ಇರುವ ಹಾಗೆ. ಹಾರಲು ಬಿಟ್ಟೆ. ಮೊದಲ ದಿನವೇ ಹೊಳೆ, ಕಂದಕ, ಕೋಟೆಗೋಡೆ ಯಾವುದಕ್ಕೂ ಅರ್ಥ ಉಳಿಯಲಿಲ್ಲ. ಒಬ್ಬ ಹಾರಿಹೋಗಿ ಹಗ್ಗ ಕಟ್ಟುತ್ತಿದ್ದ, ಉಳಿದವರು ಹತ್ತುತ್ತಿದ್ದರು. ಹಾಗಾಗಿ ಕುದುರೆಮೊಗದ ಕಿನ್ನರರಿಗೆ ಬಂದೆ. ಹಾಡುಗಾರರು ಅನ್ನುವುದನ್ನೂ ಬಿಟ್ಟೆ. ಒಂದು ಮಂದಿಗೆ ಮಂದಿಯೇ ಒಂದೇ ಕಸುಬಿಗೆ ಹುಟ್ಟುವುದು ನನಗೆ ಸರಿಕಾಣಲಿಲ್ಲ. ಉಳಿಸಿದ್ದು ಕಿವಿ. ಅವರು ಜನರನ್ನು ಮುಖದಿಂದ ಗುರುತಿಸುವುದಿಲ್ಲ, ದನಿಯಿಂದ ಗುರುತಿಸುತ್ತಾರೆ. ವೇಷ ಹಾಕಿ ಅವರನ್ನು ಮೋಸ ಮಾಡಲಾಗದು. ಆದರೆ ನೆಗಡಿಯಾದ ಸ್ವಂತ ತಮ್ಮನೂ ಅವರಿಗೆ ಅಪರಿಚಿತ. ಮೂರನೇ ವಾರ ನಾನು ಮುದುಕ ವ್ಯಾಪಾರಿಯ ವೇಷದಲ್ಲಿ ಖಳನನ್ನು ಕರೆತಂದೆ. ಎರಡು ಮಾತಾಡುವಷ್ಟರಲ್ಲಿ ಕಿನ್ನರ ಪಾತ್ರದವಳು ನನ್ನನ್ನೇ ನೋಡುತ್ತಾ, “ಇವನ ದನಿ ನಾನು ಕೇಳಿದೀನಿ,” ಅಂದಳು. ನನ್ನ ನಾಲ್ಕು ವಾರದ ಯೋಜನೆ ಅಲ್ಲಿಗೆ ಮುಗಿಯಿತು. ಈ ಲೋಕ ನಿಂತಿತು ಅಂತ ನನಗೆ ಅನ್ನಿಸಿದ್ದು ಆ ಕ್ಷಣದಲ್ಲಿ.

ಅಳಿವೆ ಮಂದಿ ಯಾವ ಕೋಶದಲ್ಲೂ ಇಲ್ಲ, ನಾನೇ ಮಾಡಿಕೊಂಡವರು. ಹೊಳೆ ಕಡಲು ಸೇರುವಲ್ಲಿ, ಅಘನಾಶಿನಿ ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಂಥ ಜಾಗದಲ್ಲಿ ಇರುತ್ತಾರೆ. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಭರತ, ಅಂದರೆ ಕಡಲಿನ ಉಬ್ಬರ, ಬರುವುದು ಹೆಚ್ಚುಕಡಿಮೆ ಹನ್ನೆರಡೂವರೆ ಗಂಟೆಗೊಮ್ಮೆ, ಹಾಗಾಗಿ ಅವರ ದಿನ ಸೂರ್ಯನ ದಿನಕ್ಕೆ ಹೊಂದುವುದಿಲ್ಲ. ‘ನಾಳೆ ಬೆಳಿಗ್ಗೆ ಹೊರಡೋಣ’ ಅಂದರೆ ಅವರಿಗೆ ಅದು ಮಾತೇ ಅಲ್ಲ. ‘ಎರಡು ಭರತ ಕಳೆದು’ ಅನ್ನಬೇಕು.

ನನಗೆ ಎಲ್ಲಕ್ಕಿಂತ ಹತ್ತಿರದವರು ಗುಹ್ಯಕರು. ಪುರಾಣದಲ್ಲಿ ಅವರು ಕುಬೇರನ ನಿಧಿ ಕಾಯುವವರು. ಡ್ವಾರ್ಫ್‌ಗಳ ಜಾಗಕ್ಕೆ ಅವರನ್ನೇ ಕೂರಿಸಿ ಗಣಿ, ಚಿನ್ನ ಕೊಟ್ಟಿದ್ದರೆ ಹೆಸರು ಬದಲಿಸಿದ ಹಾಗಾಗುತ್ತಿತ್ತು ಅಷ್ಟೇ. ಆಗ ನೆನಪಾದದ್ದು ಬಯಲುಸೀಮೆಯ ಹಗೇವು. ನೆಲದಲ್ಲಿ ಆಳವಾಗಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚುವ ಕಣಜ. ತೆರೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ದೀಪ ಇಳಿಬಿಟ್ಟು, ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ನನ್ನ ಗುಹ್ಯಕರು ಕಾಯುವುದು ಕಾಳನ್ನು, ಬೀಜವನ್ನು. ಅವರ ಹಾಳೆಯಲ್ಲಿ ಈಗ ಇರುವುದು ಇಷ್ಟು:

“ಶಕ್ತಿ: ನೂರು ಎಣಿಸುವವರೆಗೆ ಉಸಿರು ಬೇಡ, ಕೆಟ್ಟ ಗಾಳಿ ಮೂಗಿಗೆ ತಿಳಿಯುತ್ತದೆ. ತೊಡಕು: ನಡುಹಗಲಲ್ಲಿ ಕಣ್ಣು ಕೋರೈಸುತ್ತದೆ. ರೂಢಿ: ಇರುವುದರ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ.”

ಉಸಿರು ಮೊದಲು ಹತ್ತು ನಿಮಿಷ ಇತ್ತು. ಆಗ ನೀರಿನ ಕೆಲಸಕ್ಕೂ ಎಲ್ಲರೂ ಗುಹ್ಯಕನನ್ನೇ ಕಳಿಸಿ ಅಳಿವೆಯವಳು ದಡದಲ್ಲಿ ಕೂರುವಂತಾಯಿತು. ಅದಕ್ಕೇ ನೂರಕ್ಕೆ ಇಳಿಸಿದೆ. ಆಟಕ್ಕೆ ಜೀವ ಕೊಟ್ಟದ್ದು ಮಾತ್ರ ಮೂರನೇ ಸಾಲು. ಎಷ್ಟು ಬಾಣ ಉಳಿದಿದೆ ಅಂತ ಕೇಳಿದರೆ ಆ ಆಟಗಾರ “ಇದೆ” ಅನ್ನುತ್ತಾನೆ. ಎಷ್ಟು ಗಾಯವಾಗಿದೆ ಅಂದರೂ “ಇದೆ”.

ಮಾತಿನ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೆ. ಗುಹ್ಯಕರಿಗೆ ಧಾರವಾಡದ ಕನ್ನಡ, ಅಳಿವೆಯವರಿಗೆ ಕುಂದಾಪುರದ್ದು ಕೊಟ್ಟರೆ ಸೊಗಸು ಅಂದುಕೊಂಡಿದ್ದೆ. ಧಾರವಾಡದ ಗೆಳತಿ ಮೆಲ್ಲಗೆ, “ಅಂದ್ರ ಮನಶಾರು ಮಾತಾಡೋದು ನಿಮ್ಮ ಭಾಷಾ, ನೆಲದಾಗಿನವರು ಮಾತಾಡೋದು ನಮ್ಮದನ?” ಅಂದಳು. ಅವಳು ಹೇಳಿದ್ದು ಸರಿ. ಈಗ ಎಲ್ಲ ಮಂದಿಯಲ್ಲೂ ಎಲ್ಲ ಕನ್ನಡವೂ ಇದೆ, ಆಟಗಾರರು ಅವರವರ ಮನೆಯ ಮಾತನ್ನೇ ಆಡುತ್ತಾರೆ. ಇಂಗ್ಲಿಷ್ ತಾನಾಗಿಯೇ ಬಿಟ್ಟುಹೋಯಿತು.

ಹೋದ ಮಳೆಗಾಲದಲ್ಲಿ ಇದೇ ಗೆಳತಿ ಹೊಸ ಪಾತ್ರ ತಂದಳು: ಹೊನ್ನಿ, ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡು ಗುಹ್ಯಕರ ಹಗೇವಿನಲ್ಲಿ ಬೆಳೆದ ಮನುಷ್ಯರ ಹುಡುಗಿ. ಅವಳಿಗೆ ಗುಹ್ಯಕರ ಉಸಿರು ಬರದು, ರೂಢಿ ಮಾತ್ರ ಬರುತ್ತದೆ ಅಂತ ಇಬ್ಬರೂ ಒಪ್ಪಿಕೊಂಡೆವು. ಅವಳ ಸೊಂಟದಲ್ಲಿ ಯಾವಾಗಲೂ ಒಂದು ಸಣ್ಣ ದೀಪ. ಹದಿನೇಳನೇ ಆಟದಲ್ಲಿ ಎರಡನೇ ಬರ ಬಂತು. ಊರಿನವರು ಹಗೇವಿನ ಬಾಯಿಯ ಸುತ್ತ ಸೇರಿದ್ದರು. ಹೊನ್ನಿ ದೀಪ ಇಳಿಬಿಟ್ಟಳು, ಉರಿಯಿತು, ಇಳಿದು ಹತ್ತಿ ಬಂದಳು. ಊರ ಹಿರಿಯನಾಗಿ ನಾನು ಕೇಳಿದೆ: “ಎಷ್ಟಿದೆಯಮ್ಮಾ?”

ಅವಳು ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, “ಇನ್ನೂರಾ ನಲವತ್ತು ಚೀಲ,” ಅಂದಳು.

ಗುಹ್ಯಕನ ಪಾತ್ರದವನು ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಿರುಗಿದ. ಆ ಸಂಜೆ ಆಟ ಅಲ್ಲಿಗೇ ನಿಲ್ಲಿಸಿದೆವು. ಮುಂದಿನ ಭಾನುವಾರ ಅವಳ ಮಂದಿ ಅವಳಿಗೆ ಏನು ಹೇಳಬೇಕು ಅಂತ ನಾನಿನ್ನೂ ಬರೆಯುತ್ತಿದ್ದೇನೆ.