ಸ್ಟಾಪ್‌ವಾಚ್ ಹಿಡಿದು ಸರ್ಕಾರಿ ವಾರ್ತೆ ಕೇಳಿದ್ದು

2024ರ ಲೋಕಸಭಾ ಚುನಾವಣೆಯ ಮೊದಲ ಹಂತದ ಮತದಾನಕ್ಕೆ ಮೂರು ದಿನ ಇರುವಾಗ, ಏಪ್ರಿಲ್ 16ಕ್ಕೆ, ಡಿಡಿ ನ್ಯೂಸ್ ಲೋಗೋ ಕೆಂಪಿನಿಂದ ಕೇಸರಿಗೆ ತಿರುಗಿತು. ಕೇಸರಿ ಅಲ್ಲ, ಕಿತ್ತಳೆ ಅಂತ, ದೂರದರ್ಶನ ಮತ್ತು ಆಕಾಶವಾಣಿ ನಡೆಸುವ ಪ್ರಸಾರ ಭಾರತಿ ಕಡೆಯಿಂದ ಉತ್ತರ ಬಂತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಜಗಳ. ಭಾವನಿಗೆ ಅದು ದೇಶದ ಚಾನೆಲ್ ಒಂದು ಪಕ್ಷಕ್ಕೆ ಬಣ್ಣ ಬಳಿದುಕೊಂಡ ಕಥೆ. ಚಿಕ್ಕಪ್ಪನಿಗೆ, "ನಿಮ್ಮ ಕಾಲದಲ್ಲಿ ಅದು ಆಲ್ ಇಂದಿರಾ ರೇಡಿಯೋ ಆಗಿತ್ತಲ್ಲ, ಆಗ ಎಲ್ಲಿದ್ರಿ?" ಅನ್ನೋ ಕಥೆ. ಇಬ್ಬರೂ ವಾರ್ತೆ ನೋಡಿ ಎಷ್ಟು ವರ್ಷ ಆಯ್ತೋ ಗೊತ್ತಿಲ್ಲ.

ನಾನು ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕನಾಗಿ ಜೀವನ ಕಳೆದವನು. ಬಣ್ಣದ ಬಗ್ಗೆ ನನಗೆ ಅಷ್ಟೇನೂ ಕುತೂಹಲ ಇಲ್ಲ. ಯಾವ ಸುದ್ದಿ ಮೇಲೆ ಹೋಯ್ತು, ಯಾವುದನ್ನು ನಾಲ್ಕು ಸಾಲಿಗೆ ಇಳಿಸಿದರು, ಯಾವುದು ಬರಲೇ ಇಲ್ಲ, ಅದು ನನಗೆ ಗೊತ್ತಿರೋ ಕೆಲಸ. ನಿವೃತ್ತಿ ಆಗಿದೆ, ಸಮಯ ಇದೆ, ಒಂದು ಸಲ ಸರಿಯಾಗಿ ಎಣಿಸಿಯೇ ನೋಡೋಣ ಅಂತ ಕೂತೆ.

ಎಣಿಸೋದು ನನ್ನ ಹೊಸ ಐಡಿಯಾ ಏನಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ ಅದರ ಅತಿರೇಕಗಳ ತನಿಖೆ ಮಾಡಿದ ಶಾ ಆಯೋಗ ಮಾಡಿದ್ದೂ ಇದನ್ನೇ. 1975ರ ಡಿಸೆಂಬರಿನ ಆಕಾಶವಾಣಿ ವಾರ್ತೆಗಳಲ್ಲಿ ಕಾಂಗ್ರೆಸ್ ಕಡೆಯವರ ಮಾತಿಗೆ 2,207 ಸಾಲು, ವಿರೋಧ ಪಕ್ಷಗಳಿಗೆ 34 ಸಾಲು ಅಂತ ಆ ವರದಿಯಲ್ಲಿದೆ. 34! ನಮ್ಮ ಪತ್ರಿಕೆಯಲ್ಲಿ ನಿಧನ ವಾರ್ತೆಗೆ ಅದಕ್ಕಿಂತ ಜಾಸ್ತಿ ಜಾಗ ಸಿಗುತ್ತಿತ್ತು. ಈ ಒಂದು ಅಂಕಿ ಮುಂದೆ ಎಷ್ಟು ಪುಟ ಟೀಕೆ ಬರೆದರೂ ಸಪ್ಪೆ. ವಾದ ಮಾಡೋದಿದ್ದರೆ ಹೀಗೆ ಮಾಡಬೇಕು ಅಂತ ನನಗೆ ಅನ್ನಿಸಿದ್ದು ಅದನ್ನು ಓದಿದಾಗಲೇ.

ಕೆಲಸಕ್ಕೆ ಬೇಕಾದ್ದು ಬಹಳ ಕಡಿಮೆ. ಆಕಾಶವಾಣಿಯ ಸುದ್ದಿ ವಿಭಾಗದ ಜಾಲತಾಣದಲ್ಲಿ ವಾರ್ತೆಗಳ ಧ್ವನಿಮುದ್ರಣ ಸಿಗುತ್ತೆ, ಬೆಂಗಳೂರು ಮತ್ತು ಧಾರವಾಡದ ಪ್ರದೇಶ ಸಮಾಚಾರ ಕೂಡ. ಡಿಡಿ ನ್ಯೂಸ್, ಚಂದನದ ವಾರ್ತೆಗಳು ಯೂಟ್ಯೂಬಿನಲ್ಲಿವೆ. ಮೊದಲೆಲ್ಲ ಬೆಳಿಗ್ಗೆ 7.35ರ ದೆಹಲಿ ಕನ್ನಡ ವಾರ್ತೆ ತಪ್ಪಿದರೆ ತಪ್ಪಿತು, ಈಗ ಹಿಂದಕ್ಕೆ ಎಳೆದು ಎಷ್ಟು ಸಲ ಬೇಕಾದರೂ ಕೇಳಬಹುದು. ಫೋನಿನ ಸ್ಟಾಪ್‌ವಾಚ್, ಒಂದು ಎಕ್ಸೆಲ್ ಶೀಟು, ತಾಳ್ಮೆ. ತಾಳ್ಮೆಯೇ ಜಾಸ್ತಿ ಬೇಕು, ಹತ್ತು ನಿಮಿಷದ ವಾರ್ತೆ ಬರೆದುಕೊಳ್ಳೋಕೆ ಅರ್ಧ ಗಂಟೆ ಸುಲಭವಾಗಿ ಹೋಗುತ್ತೆ.

ಶೀಟಿನಲ್ಲಿ ಮೊದಲು ಹಾಕಿದ್ದು ಎರಡೇ ಕಾಲಂ: ಯಾರ ಸುದ್ದಿ, ಎಷ್ಟು ಸೆಕೆಂಡು. ಸ್ವಲ್ಪ ದಿನಕ್ಕೇ ಅದು ಸಾಲದು ಅಂತ ಗೊತ್ತಾಯ್ತು. ಯಾಕಂದ್ರೆ ಸರ್ಕಾರ ನಡೆಸುವವರ ಸುದ್ದಿ ಎಲ್ಲೇ ಆದರೂ ಜಾಸ್ತಿನೇ ಇರುತ್ತೆ. ಬಜೆಟ್ ಮಂಡಿಸೋದು ಅವರು, ವಿದೇಶಕ್ಕೆ ಹೋಗಿ ಒಪ್ಪಂದಕ್ಕೆ ಸಹಿ ಹಾಕೋದು ಅವರು, ಪ್ರವಾಹ ಬಂದರೆ ಪರಿಹಾರ ಘೋಷಿಸೋದೂ ಅವರೇ. ಬರೀ ಸೆಕೆಂಡು ಲೆಕ್ಕ ಹಾಕಿ "ನೋಡಿ, ಪ್ರಧಾನಿಗೆ ಇಷ್ಟು, ವಿರೋಧ ಪಕ್ಷದ ನಾಯಕರಿಗೆ ಇಷ್ಟು" ಅಂದರೆ ಚಿಕ್ಕಪ್ಪ ನನ್ನನ್ನು ಎರಡೇ ನಿಮಿಷದಲ್ಲಿ ಮಲಗಿಸಿಬಿಡುತ್ತಾರೆ, ಮತ್ತು ಅವರು ಹೇಳೋದು ಸರಿಯೇ ಇರುತ್ತೆ. ಹಾಗಾಗಿ ಸರ್ಕಾರಿ ಕೆಲಸದ ಸುದ್ದಿಯನ್ನೂ ಪಕ್ಷದ ಕೆಲಸದ ಸುದ್ದಿಯನ್ನೂ ಬೇರೆ ಮಾಡಿದೆ. ಆಸ್ಪತ್ರೆ ಉದ್ಘಾಟನೆ ಸರ್ಕಾರಿ ಕೆಲಸ. ಅದೇ ವೇದಿಕೆ ಮೇಲೆ ನಿಂತು ವಿರೋಧ ಪಕ್ಷವನ್ನು ಬೈದರೆ? ಆ ಭಾಗದ ಸೆಕೆಂಡು ಪಕ್ಷದ ಖಾತೆಗೆ. ಇದು ದಿನಾ ತಲೆನೋವು, ಯಾಕಂದ್ರೆ ಒಂದೇ ಭಾಷಣದೊಳಗೆ ಗೆರೆ ಎಳೀಬೇಕು. ಚುನಾವಣೆ ನೀತಿ ಸಂಹಿತೆ ಇರೋ ದಿನಗಳಲ್ಲಿ ಮಾತ್ರ ಸ್ವಲ್ಪ ಸಲೀಸು, ಆಗ ಉದ್ಘಾಟನೆ ಇರಲ್ಲ, ಎಲ್ಲರೂ ಬರೀ ಪ್ರಚಾರಕರು.

ಆಮೇಲೆ ಒಂದೊಂದೇ ಕಾಲಂ ಸೇರುತ್ತಾ ಹೋಯ್ತು. ಸುದ್ದಿ ಎಷ್ಟನೆಯದು. ಮುಖ್ಯಾಂಶದಲ್ಲಿ ಬಂತಾ. ವ್ಯಕ್ತಿಯ ಸ್ವಂತ ಧ್ವನಿ ಕೇಳಿಸಿದರಾ, ಇಲ್ಲ ವಾರ್ತಾವಾಚಕರೇ ಓದಿ ಮುಗಿಸಿದರಾ. ಯಾವ ಕ್ರಿಯಾಪದ ಬಳಸಿದರು. ಆರೋಪ ಇದ್ದರೆ ಅದಕ್ಕೆ ಉತ್ತರ ಅದೇ ಸುದ್ದಿಯಲ್ಲಿ ಇತ್ತಾ. ಕೊನೆಯದು, ನನಗೆ ಬಹಳ ಇಷ್ಟವಾದದ್ದು: ಆ ದಿನದ ಎರಡು ಮೂರು ಪತ್ರಿಕೆಗಳ ಮುಖಪುಟದಲ್ಲಿದ್ದು ವಾರ್ತೆಯಲ್ಲಿ ಇಲ್ಲದ್ದು. ಇದಕ್ಕೆ ಸ್ಟಾಪ್‌ವಾಚ್ ಬೇಕಿಲ್ಲ. ಬಂದದ್ದನ್ನು ಅಳೆಯಬಹುದು, ಬರದೇ ಇದ್ದದ್ದನ್ನು ಹುಡುಕಿಯೇ ಹಿಡೀಬೇಕು.

ಇವುಗಳಲ್ಲಿ ಧ್ವನಿಯ ಕಾಲಂ ಹೇಳಿದಷ್ಟು ಇನ್ಯಾವುದೂ ಹೇಳಲಿಲ್ಲ. ಕೇಂದ್ರದ ವಾರ್ತೆಯಲ್ಲಿ ವಿರೋಧ ಪಕ್ಷದವರು ಬರಲ್ಲ ಅನ್ನೋ ಮಾತು ಸುಳ್ಳು. ಬರ್ತಾರೆ. ಆದರೆ ಪ್ರಧಾನಿ, ಕೇಂದ್ರ ಸಚಿವರು ತಮ್ಮ ಬಾಯಲ್ಲೇ ಮಾತಾಡೋದು ಜಾಸ್ತಿ, ಉಳಿದವರ ಮಾತನ್ನು ವಾರ್ತಾವಾಚಕರು ಒಂದು ವಾಕ್ಯದಲ್ಲಿ ಸೇರಿಸಿ ಹೇಳೋದು ಜಾಸ್ತಿ. ಸೆಕೆಂಡು ಸಮ ಇದ್ದರೂ ಇದು ಸಮ ಅಲ್ಲ. ಸ್ವಂತ ಧ್ವನಿಯಲ್ಲಿ ಸಿಟ್ಟು, ತಮಾಷೆ, ಉಸಿರು ಎಲ್ಲ ಇರುತ್ತೆ, ಓದಿದ್ದರಲ್ಲಿ ಬರೀ ಮಾಹಿತಿ. ಕ್ರಿಯಾಪದದ್ದೂ ಹಾಗೇ. ಆಳುವವರು ತಿಳಿಸುತ್ತಾರೆ, ಸ್ಪಷ್ಟಪಡಿಸುತ್ತಾರೆ, ಚಾಲನೆ ನೀಡುತ್ತಾರೆ. ಆಳದೇ ಇರುವವರು ಆರೋಪಿಸುತ್ತಾರೆ. ಡೆಸ್ಕಿನಲ್ಲಿ ಕೂತವರು ಇದನ್ನು ಬೇಕಂತಲೇ ಮಾಡ್ತಾರೆ ಅಂತ ನಾನು ಹೇಳಲ್ಲ. ಕೈಗೆ ಬಂದಿರೋ ಕಾಪಿ ಸರ್ಕಾರಿ ಪ್ರಕಟಣೆ, ಗಡಿಯಾರ ಓಡ್ತಾ ಇರುತ್ತೆ, ಕೈ ಅಭ್ಯಾಸದಲ್ಲಿ ಬರೆಯುತ್ತೆ. ಆ ಒತ್ತಡ ನನಗೆ ಗೊತ್ತು.

ಭಾವನಿಗೆ ಇಷ್ಟು ಹೇಳಿದಾಗ ಮುಖ ಅರಳಿತು. ಅಷ್ಟರಲ್ಲಿ ಪ್ರದೇಶ ಸಮಾಚಾರದ ಶೀಟು ತೋರಿಸಿದೆ. ಅಲ್ಲಿ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ರಾಜ್ಯದ ಸಚಿವರು ಮೇಲಿರ್ತಾರೆ, ಕಾಂಗ್ರೆಸ್ಸಿನವರಾದರೂ ಅವರೇ ತಿಳಿಸ್ತಾರೆ, ಅವರೇ ಸ್ಪಷ್ಟಪಡಿಸ್ತಾರೆ. ಬಿಜೆಪಿ ರಾಜ್ಯಾಧ್ಯಕ್ಷರು ಆರೋಪಿಸ್ತಾರೆ! ಅಂದರೆ ಮೊದಲ ಪದರ ಪಕ್ಷದ್ದಲ್ಲ, ಕುರ್ಚಿಯದ್ದು. ಆ ಕುರ್ಚಿಯ ವಾಲುವಿಕೆಯನ್ನು ಕಳೆದ ಮೇಲೆ ಏನು ಉಳಿಯುತ್ತೋ ಅದರ ಬಗ್ಗೆ ಜಗಳ ಆಡಬೇಕು. ಏನೂ ಉಳಿಯಲ್ಲ ಅಂತ ಚಿಕ್ಕಪ್ಪ ಅಂತಾರೆ. ನನಗೆ ಹಾಗೆ ಕಾಣಲ್ಲ.

ಯಾಕೆ ಅಂದರೆ ಶೀಟಿನ ಹೊರಗೂ ಸಾಕಷ್ಟು ದಾಖಲೆ ಇದೆ. 2014ರ ವಿಜಯದಶಮಿಗೆ ಆರ್‌ಎಸ್‌ಎಸ್ ಮುಖ್ಯಸ್ಥರ ಭಾಷಣ ದೂರದರ್ಶನದಲ್ಲಿ ನೇರ ಪ್ರಸಾರ ಆಯ್ತು. ಅವರು ಸರ್ಕಾರದಲ್ಲಿ ಯಾವ ಹುದ್ದೆಯಲ್ಲೂ ಇಲ್ಲ, ಕುರ್ಚಿಯ ಲೆಕ್ಕದಲ್ಲಿ ಅದು ಬರೋದೇ ಇಲ್ಲ. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರಾದ ಮುಖ್ಯಮಂತ್ರಿಯಾಗಿದ್ದ ಸಿಪಿಎಂನ ಮಾಣಿಕ್ ಸರ್ಕಾರ್ ಭಾಷಣ, ತಿದ್ದದೇ ಇದ್ದರೆ ಪ್ರಸಾರ ಮಾಡಲ್ಲ ಅಂತ ನಿಂತುಹೋಯ್ತು. ಅವರು ಕುರ್ಚಿಯಲ್ಲಿ ಇದ್ದವರೇ. 2019ರ ಚುನಾವಣೆ ಹೊತ್ತಿಗೆ ಎಲ್ಲ ಪಕ್ಷಗಳಿಗೂ ಸಮತೋಲನದ ಪ್ರಸಾರ ಕೊಡಿ ಅಂತ ಚುನಾವಣಾ ಆಯೋಗವೇ ದೂರದರ್ಶನಕ್ಕೆ ಹೇಳಬೇಕಾಯ್ತು. 2023ರಲ್ಲಿ ಸುದ್ದಿ ಸರಬರಾಜಿಗೆ ಆರ್‌ಎಸ್‌ಎಸ್ ನಂಟಿನ ಸುದ್ದಿಸಂಸ್ಥೆ ಹಿಂದುಸ್ಥಾನ್ ಸಮಾಚಾರ್ ಜೊತೆ ಪ್ರಸಾರ ಭಾರತಿಯ ಒಪ್ಪಂದ ಆಯ್ತು. ನನ್ನಂಥ ಡೆಸ್ಕಿನವನಿಗೆ ಲೋಗೋ ಬಣ್ಣಕ್ಕಿಂತ ಈ ಕೊನೆಯದು ನೂರು ಪಟ್ಟು ದೊಡ್ಡ ಸುದ್ದಿ. ಕಾಪಿ ಎಲ್ಲಿಂದ ಬರುತ್ತೆ ಅನ್ನೋದೇ ಅರ್ಧ ಸಂಪಾದಕೀಯ ನೀತಿ. ಆದರೆ ಜನ ಜಾಸ್ತಿ ಕಿತ್ತಾಡಿದ್ದು ಬಣ್ಣಕ್ಕೆ.

ಹಾಗಂತ ಹಿಂದಿನವರು ಸಾಚಾ ಅಂತಲ್ಲ. ರಾಜೀವ್ ಗಾಂಧಿ ಕಾಲದಲ್ಲಿ ದೂರದರ್ಶನಕ್ಕೆ ರಾಜೀವ ದರ್ಶನ ಅಂತಲೇ ಅಡ್ಡಹೆಸರು. 2014ರ ಚುನಾವಣೆ ನಡುವೆ, ಯುಪಿಎ ಸರ್ಕಾರ ಇರುವಾಗ, ಮೋದಿಯವರು ದೂರದರ್ಶನಕ್ಕೆ ಕೊಟ್ಟ ಸಂದರ್ಶನದಲ್ಲಿ ಕೆಲವು ಭಾಗಗಳು ಕತ್ತರಿ ಕಂಡವು. ಆಗ ಪ್ರಸಾರ ಭಾರತಿಯ ಸಿಇಒ ಆಗಿದ್ದ ಜವಹರ್ ಸರ್ಕಾರ್ ಪತ್ರ ಬರೆದು, ಸಚಿವಾಲಯದ ಹಿಡಿತದಿಂದ ಬಿಡುಗಡೆ ಸಿಕ್ಕಿಲ್ಲ ಅಂತ ಒಪ್ಪಿಕೊಂಡರು. ಇದೇ ಮನುಷ್ಯ 2024ರಲ್ಲಿ ತೃಣಮೂಲ ಸಂಸದರಾಗಿ ಲೋಗೋ ಬಣ್ಣವನ್ನು ಟೀಕಿಸಿದರು. ಚಿಕ್ಕಪ್ಪನಿಗೆ ಎರಡನೆಯದು ಮಾತ್ರ ನೆನಪಿದೆ.

ಕಾನೂನನ್ನೂ ಒಂದು ಸಲ ಪೂರ್ತಿ ಓದಿದೆ, ಪ್ರಸಾರ ಭಾರತಿ ಕಾಯ್ದೆ 1990. ವಿ.ಪಿ. ಸಿಂಗ್ ಸರ್ಕಾರದ ಕಾಲದ್ದು, ಜಾರಿಗೆ ಬಂದದ್ದು 1997ರಲ್ಲಿ. ಏಳು ವರ್ಷ ಯಾರಿಗೂ ಅವಸರ ಇರಲಿಲ್ಲ. ನ್ಯಾಯವಾಗಿ, ಸಮತೋಲನದಿಂದ, ಬೇರೆ ಬೇರೆ ಅಭಿಪ್ರಾಯಗಳನ್ನು ಕೊಡಬೇಕು, ತನ್ನದೇ ಸಿದ್ಧಾಂತ ಹೇರಬಾರದು ಅಂತ 12ನೇ ಸೆಕ್ಷನ್ ಹೇಳುತ್ತೆ. ಇದನ್ನು ನೋಡಿಕೊಳ್ಳೋಕೆ 13ನೇ ಸೆಕ್ಷನ್ನಿನಲ್ಲಿ 22 ಸಂಸದರ ಸಮಿತಿ ಇದೆ, ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಆ ಸಮಿತಿಯನ್ನು ಯಾವ ಸರ್ಕಾರವೂ ರಚಿಸಲಿಲ್ಲ. ಯುನೈಟೆಡ್ ಫ್ರಂಟ್, ವಾಜಪೇಯಿ, ಮನಮೋಹನ್ ಸಿಂಗ್, ಮೋದಿ, ಯಾರೂ ಇಲ್ಲ. ಸಂಸ್ಥೆಯ ಅಧ್ಯಕ್ಷರ ಕುರ್ಚಿಯೇ 2020ರ ಫೆಬ್ರುವರಿಯಿಂದ 2024ರ ಮಾರ್ಚ್ ತನಕ ಖಾಲಿ ಇತ್ತು. ಸಂಬಳಕ್ಕೆ ದುಡ್ಡು ಕೇಂದ್ರ ಸರ್ಕಾರದ ಅನುದಾನದಿಂದ. ಇಷ್ಟು ಗೊತ್ತಾದ ಮೇಲೆ ವಾರ್ತಾವಾಚಕಿಯನ್ನು ಬೈಯೋದು ಸುಮ್ನೆ.

ಇನ್ನೊಂದು ಕಾಲಂ ಹಾಕೋಕೆ ಹೋಗಿ ಕೈಬಿಟ್ಟೆ: ಪಕ್ಷಗಳಿಗೆ ಚುನಾವಣೆಯಲ್ಲಿ ಆಕಾಶವಾಣಿ, ದೂರದರ್ಶನದಲ್ಲಿ ಭಾಷಣಕ್ಕೆ ಉಚಿತವಾಗಿ ಸಿಗೋ ಸಮಯ. ಅಲ್ಲಿ ಸಮಯ ಹಂಚಿಕೆ ನಿಯಮದ ಪ್ರಕಾರ ಇರುತ್ತೆ, ಅಳೆದು ಏನೂ ಸಿಗಲ್ಲ. ಕಥೆ ಇರೋದು ಭಾಷಣವನ್ನು ಮೊದಲೇ ಬರೆದು ಒಪ್ಪಿಸೋ ಹಂತದಲ್ಲಿ. 2024ರಲ್ಲಿ ಸಿಪಿಎಂನ ಸೀತಾರಾಂ ಯೆಚೂರಿ ಅವರ ಭಾಷಣದಿಂದ ಕರಾಳ ಕಾನೂನು ಎಂಬರ್ಥದ ಪದ ತೆಗೆಸಿದರು, ಸರ್ಕಾರ ದಿವಾಳಿ ಅಂದದ್ದನ್ನು ವಿಫಲ ಅಂತ ಮಾಡಿಸಿದರು. ಚುನಾವಣಾ ಆಯೋಗದ ಮಾರ್ಗಸೂಚಿ ಪಾಲಿಸಿದ್ದೇವೆ, ಮುಖ್ಯಮಂತ್ರಿಗಳ ಭಾಷಣವನ್ನೂ ತಿದ್ದಿಸಿದ್ದೇವೆ ಅಂತ ಪ್ರಸಾರ ಭಾರತಿ ಕಡೆಯ ಉತ್ತರ. ಸ್ಟಾಪ್‌ವಾಚಿಗೆ ಇದು ಸಿಗೋದೇ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ನಾನು ರೇಡಿಯೋ ವಾರ್ತೆ ಬಿಟ್ಟಿಲ್ಲ, ಬಹುಶಃ ಮೊದಲಿಗಿಂತ ಜಾಸ್ತಿ ಕೇಳ್ತೀನಿ. ಕಿರುಚಾಟ ಇಲ್ಲ, ಹಿನ್ನೆಲೆ ಸಂಗೀತದ ಗುಡುಗಿಲ್ಲ, ಜಲಾಶಯದ ಮಟ್ಟ ಹೇಳ್ತಾರೆ, ಮಳೆ ಮುನ್ಸೂಚನೆ ಹೇಳ್ತಾರೆ. ಖಾಸಗಿ ಎಫ್‌ಎಂನವರಿಗೆ ಸ್ವಂತ ಸುದ್ದಿ ಮಾಡೋ ಅನುಮತಿಯೇ ಇಲ್ಲ, ಆಕಾಶವಾಣಿಯ ವಾರ್ತೆಯನ್ನೇ ಬೇಕಾದರೆ ಹಾಗೇ ಹಾಕಬೇಕು. ಅಂದರೆ ರೇಡಿಯೋ ಮಟ್ಟಿಗೆ ಕೇಳುಗನಿಗೆ ಬೇರೆ ದಾರಿ ಇಲ್ಲ, ಅದಕ್ಕೇ ಈ ಎಣಿಕೆ ಟಿವಿಗಿಂತ ರೇಡಿಯೋದಲ್ಲಿ ಮುಖ್ಯ.

ನೀವೂ ಮಾಡೋದಾದರೆ ಒಂದೇ ವಾರ್ತೆಯನ್ನು, ಒಂದೇ ಹೊತ್ತಿನದ್ದನ್ನು ಹಿಡೀರಿ. ಬೆಳಿಗ್ಗೆಯದು ಒಂದು ದಿನ, ರಾತ್ರಿಯದು ಇನ್ನೊಂದು ದಿನ ಅಂತ ಮಾಡಿದರೆ ಲೆಕ್ಕ ಕೆಡುತ್ತೆ. ಯಾವ ಸುದ್ದಿ ಯಾವ ಖಾತೆಗೆ ಅನ್ನೋ ನಿಯಮವನ್ನು ಶುರು ಮಾಡೋ ಮುಂಚೆಯೇ ಬರೆದಿಡಿ, ಆಮೇಲೆ ಬದಲಾಯಿಸಬೇಡಿ. ಸಾಧ್ಯವಾದರೆ ನಿಮಗೆ ವಿರುದ್ಧ ಅಭಿಪ್ರಾಯ ಇರೋರ ಹತ್ತಿರ ಅದೇ ವಾರ್ತೆಯನ್ನು ಎಣಿಸೋಕೆ ಹೇಳಿ. ನಾನು ಭಾವನಿಗೂ ಚಿಕ್ಕಪ್ಪನಿಗೂ ಒಂದೊಂದು ಶೀಟು ಕೊಟ್ಟೆ. ಸೆಕೆಂಡಿನ ಕಾಲಂನಲ್ಲಿ ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ ಬಂತು. ಸರ್ಕಾರಿ ಕೆಲಸವೋ ಪಕ್ಷದ ಕೆಲಸವೋ ಅನ್ನೋ ಕಾಲಂನಲ್ಲಿ ಮಾತ್ರ ಹೊಂದಾಣಿಕೆ ಇಲ್ಲ, ಒಂದು ರೈಲು ಉದ್ಘಾಟನೆಯ ಭಾಷಣ ಯಾರ ಖಾತೆಗೆ ಅಂತ ಇನ್ನೂ ಜಗಳ ನಡೀತಿದೆ.